ಹಸಿ ತೊಲೆ ಮಾಡಿಗೇರದಿರಲಿ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದು ಬರಿಯ ಹಣದ ಮಾತಲ್ಲ. ಎರಡರಲ್ಲಿಯೂ ಆತುರ ಮಾಡಿದವನು ಆಮೇಲೆ ಪಶ್ಚಾತ್ತಾಪ ಪಡುತ್ತಾನೆ. ಈ ಸಲದ ಪಾಠ ಮರದ ದಿಮ್ಮಿಯದು. ಮರ ಕಡಿದ ದಿನಕ್ಕೆ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ನಿಜವಾಗಿ ಕೆಲಸ ಆರಂಭವಾಗುವುದೇ ಅಂದು. ಅಲ್ಲಿಂದ ಒಂದು ವರ್ಷದೊಳಗೆ ನಾವು ಅದಕ್ಕೆ ಏನು ಮಾಡುತ್ತೇವೋ ಅದರ ಮೇಲೆ ಆ ತೊಲೆಯ ಆಯುಷ್ಯ ನಿಂತಿದೆ.

ನಾನು ವ್ಯವಸಾಯ ಡಿಪ್ಲೊಮಾ ಓದಿದವನು. ಆದರೂ ಈ ಪಾಠವನ್ನು ಕಲಿತದ್ದು ನಮ್ಮ ಮನೆಯ ಕೊಟ್ಟಿಗೆಯಲ್ಲಿ. ಕೆಲವು ವರ್ಷಗಳ ಕೆಳಗೆ ಮಳೆಗಾಲಕ್ಕೆ ತಿಂಗಳಿರುವಾಗ ಕೊಟ್ಟಿಗೆಯ ಮಾಡು ಹಳತಾಗಿದೆಯೆಂದು ಅಪ್ಪ ಹಿತ್ತಲಿನ ಮಾವಿನ ಮರ ಕಡಿಸಿದರು. ಆಚಾರಿ ದಿಮ್ಮಿಯನ್ನು ಮುಟ್ಟಿ ನೋಡಿ, “ಗೌಡ್ರೇ, ಮರ ಇನ್ನೂ ಹಸಿ. ಈ ವರ್ಷ ಹಳೇ ತೊಲೆಗೇ ಒಂದು ಆಸರೆಗಂಬ ಕೊಡೋಣ” ಎಂದ. “ಮಳೆ ಕಾಯ್ತದೇನೋ ಆಚಾರಿ?” ಎಂದರು ಅಪ್ಪ. ನಾನು ಪಕ್ಕದಲ್ಲಿಯೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅದೇ ವಾರ ತೊಲೆ ಮಾಡಿಗೇರಿತು. ಮರುವರ್ಷದ ಬೇಸಿಗೆಗೆ ಅದು ನಡುವೆ ಬಾಗಿ ಸೀಳು ಬಿಟ್ಟಿತು. ಗೋದಲಿಯ ಹುಲ್ಲಿನ ಮೇಲೆ ದಿನವೂ ಬಿಳಿ ಹಿಟ್ಟು ಉದುರತೊಡಗಿತು. ಎರಡನೆಯ ಮಳೆಗಾಲದ ಒಂದು ರಾತ್ರಿ ತೊಲೆ ಮುರಿದು ಹೆಂಚುಗಳೆಲ್ಲ ಕೆಳಗೆ ಬಿದ್ದವು. ಗಬ್ಬದ ಹಸುವಿಗೆ ಮೈ ಸರಿಯಿಲ್ಲವೆಂದು ಅವ್ವ ಆ ಸಂಜೆ ಅದನ್ನು ಜಗಲಿಗೆ ಕಟ್ಟಿದ್ದಳು. ಆದ್ದರಿಂದ ಹಸು ಉಳಿಯಿತು.

ಮುರಿದ ತೊಲೆಯನ್ನು ಹಗಲಿನಲ್ಲಿ ನೋಡಿದಾಗ ಅದರಲ್ಲಿ ನಾಲ್ಕು ತಪ್ಪುಗಳು ಕಂಡವು. ಅವನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯ ತಪ್ಪು: ಹಸಿತನ

ಹಸಿ ಮರದಲ್ಲಿ ನೀರು ಬಹಳ. ಪೂರ್ತಿ ಒಣಗಿದಾಗ 10 ಕಿಲೋ ತೂಗುವ ತುಂಡು ಕಡಿದ ದಿನ 18 ಕಿಲೋ ತೂಗಿದರೆ ಆಶ್ಚರ್ಯವಿಲ್ಲ. ಉಳಿದ 8 ಕಿಲೋ ನೀರೇ. ಈ ನೀರು ಆರುವಾಗ ಮರ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಬೆಳವಣಿಗೆಯ ಉಂಗುರಗಳ ಸುತ್ತಿಗೆ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡರಷ್ಟು. ಹೀಗೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕುಗ್ಗುವುದರಿಂದಲೇ ದಿಮ್ಮಿಯ ತುದಿಯಲ್ಲಿ ಗಾಡಿಚಕ್ರದ ಅರಗಳಂತೆ ಸೀಳು ಬೀಳುತ್ತದೆ. ಹಸಿ ಮರಕ್ಕೆ ಒಣಮರದಷ್ಟು ಬಲವೂ ಇಲ್ಲ. ಅದರ ಮೇಲೆ ಹೆಂಚಿನ ಭಾರ ಹೊರಿಸಿದರೆ ಬಾಗಿದಂತೆಯೇ ಒಣಗಿ ನಿಲ್ಲುತ್ತದೆ, ಮತ್ತೆ ನೆಟ್ಟಗಾಗದು.

ಆದ್ದರಿಂದ ಹೀಗೆ ಮಾಡಿ. ಸುಗ್ಗಿ ಮುಗಿದ ಮೇಲೆ, ಚಳಿಗಾಲದಲ್ಲಿ ಮರ ಕಡಿಸಿ. ಆಗ ಮರ ನಿಧಾನವಾಗಿ ಆರುತ್ತದೆ, ಹುಳುವಿನ ಕಾಟವೂ ಕಡಿಮೆ. ಕಡಿದ ಕೂಡಲೇ ತೊಗಟೆ ತೆಗೆಸಿ. ಎರಡು ತುದಿಗಳಿಗೂ ಡಾಂಬರನ್ನೋ ಹಳೆಯ ಬಣ್ಣವನ್ನೋ ದಪ್ಪವಾಗಿ ಬಳಿಯಿರಿ. ನೀರು ತುದಿಯಿಂದಲೇ ಬೇಗ ಆರಿಹೋಗುವುದರಿಂದ ಅಲ್ಲಿ ತಡೆಯೊಡ್ಡಿದರೆ ಸೀಳು ಕಡಿಮೆಯಾಗುತ್ತದೆ. ದಿಮ್ಮಿಯನ್ನು ಇಡಿಯಾಗಿ ಬಿಡದೆ ಬೇಕಾದ ಅಳತೆಗೆ, ಕುಗ್ಗುವುದಕ್ಕೆ ಸ್ವಲ್ಪ ಹೆಚ್ಚಾಗಿಯೇ ಕೊಯ್ಯಿಸಿ. ಕೊಯ್ದುದನ್ನು ನೆರಳಿನಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಕಲ್ಲಿನ ಮೇಲೆ ಪೇರಿಸಿ. ಒಂದು ವರಸೆಗೂ ಇನ್ನೊಂದಕ್ಕೂ ನಡುವೆ ಎರಡೆರಡು ಅಡಿಗೊಂದರಂತೆ ಅಂಗುಲ ದಪ್ಪದ ಅಡ್ಡಪಟ್ಟಿಗಳಿರಲಿ. ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ನೇರಕ್ಕೇ ಬರಬೇಕು, ಇಲ್ಲವಾದರೆ ಹಲಗೆ ಸೊಟ್ಟಗಾಗುತ್ತದೆ. ಎಲ್ಲಕ್ಕೂ ಮೇಲೆ ಕಲ್ಲು ಹೇರಿ.

ಅಂಗುಲ ದಪ್ಪದ ಹಲಗೆ ಕೆಲವು ತಿಂಗಳಲ್ಲಿ ಒಣಗೀತು. ದಪ್ಪ ತೊಲೆಗೆ ವರ್ಷವೋ ಇನ್ನೂ ಹೆಚ್ಚೋ ಬೇಕು. ಒಣಗಿತೇ ಎಂದು ತಿಳಿಯಲು ಸುಲಭವಾದ ಉಪಾಯವೊಂದುಂಟು. ಅದೇ ಪೇರಿಯಲ್ಲಿ ಅದೇ ದಪ್ಪದ ತುಂಡೊಂದನ್ನು, ಅದರ ತುದಿಗಳಿಗೂ ಬಣ್ಣ ಬಳಿದು, ಗುರುತು ಹಾಕಿ ಇಡಿ. ಹದಿನೈದು ದಿನಕ್ಕೊಮ್ಮೆ ತೂಗಿ ಗೋಡೆಯ ಮೇಲೆ ಬರೆಯಿರಿ. ಒಣಹವೆಯಲ್ಲಿಯೂ ತೂಕ ಇಳಿಯುವುದು ನಿಂತಿತೆಂದರೆ ಮರ ಸಿದ್ಧವಾಯಿತು.

ಎರಡನೆಯ ತಪ್ಪು: ಹುಳುವಿಗೆ ಹಬ್ಬ

ಮರವನ್ನು ಅಡ್ಡಕೊಯ್ದರೆ ಒಳಗೆ ಬಣ್ಣ ಗಾಢವಾದ ಚೇಗು, ಹೊರಗೆ ತಿಳಿಬಣ್ಣದ ಬಿಳಿಮರ ಕಾಣುತ್ತದೆ. ಬಿಳಿಮರದಲ್ಲಿ ಪಿಷ್ಟವಿರುತ್ತದೆ. ಕುಟ್ಟೆಹುಳುವಿಗೆ ಬೇಕಾದದ್ದು ಅದೇ. ಹುಲ್ಲಿನ ಮೇಲೆ ಉದುರಿದ ಬಿಳಿ ಹಿಟ್ಟು ಅದು ಕೊರೆದ ಪುಡಿ. ತೇಗ, ಹೊನ್ನೆ, ಹಲಸುಗಳಲ್ಲಿ ಚೇಗನ್ನು ಬಣ್ಣದಿಂದಲೇ ಗುರುತಿಸಬಹುದು. ತೊಲೆಗೂ ಕಂಬಕ್ಕೂ ಚೇಗನ್ನೇ ಆರಿಸಿ. ಮಾವಿನಲ್ಲಿ ಚೇಗು ಬೇರೆಯಾಗಿ ಕಾಣುವುದೇ ಕಷ್ಟ. ಔಷಧೋಪಚಾರವಿಲ್ಲದೆ ಅದು ತೊಲೆಗೆ ತಕ್ಕುದಲ್ಲ.

ಬಿದಿರ ಗಳು ಮತ್ತು ತೆಳುವಾದ ರೀಪುಗಳಿಗೆ ಉಪಚಾರವನ್ನು ಊರಿನಲ್ಲಿಯೇ ಮಾಡಬಹುದು. 100 ಲೀಟರು ನೀರಿಗೆ 2 ಕಿಲೋ ಬೋರಿಕ್ ಆಮ್ಲ, 3 ಕಿಲೋ ಬಿಳಿಗಾರ, ಅಂದರೆ ಬೋರಾಕ್ಸ್, ಕರಗಿಸಿ. ಹಸಿಯಾಗಿರುವಾಗಲೇ ಅದರಲ್ಲಿ ಒಂದೆರಡು ವಾರ ಮುಳುಗಿಸಿಡಿ. ಬಿದಿರಾದರೆ ಒಳಗಿನ ಗಿಣ್ಣುಗಳನ್ನು ಸರಳಿನಿಂದ ಮೊದಲೇ ತೂತು ಮಾಡಿರಬೇಕು. ತೊಟ್ಟಿಯ ಬಳಿ ಮಕ್ಕಳೂ ದನಗಳೂ ಸುಳಿಯದಂತೆ ನೋಡಿಕೊಳ್ಳಿ. ಈ ಔಷಧಿ ಮಳೆಗೆ ತೊಳೆದುಹೋಗುವುದರಿಂದ ಸೂರಿನೊಳಗಿನ ಮರಕ್ಕೆ ಮಾತ್ರ ಸರಿ.

ಮಳೆಗೆ ನಿಲ್ಲುವ ಉಪಚಾರ ಬೇರೆ. ತಾಮ್ರ, ಕ್ರೋಮಿಯಂ, ಪಾಷಾಣ ಇವುಗಳ ಲವಣಗಳನ್ನು ಒತ್ತಡದಿಂದ ಮರದೊಳಕ್ಕೆ ಹೊಗಿಸುವ ವಿಧಾನವನ್ನು 1930ರ ದಶಕದಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಠಿ ಕಾಮೇಶಂ ಅವರು. ನಮ್ಮ ದೇಶದವರ ಈ ವಿದ್ಯೆ ಲೋಕದಲ್ಲೆಲ್ಲ ಹರಡಿತು. ಆದರೆ ಪಾಷಾಣ ವಿಷ. ಅಮೆರಿಕದಲ್ಲಿ 2003ರ ಕೊನೆಗೆ ವಾಸದ ಮನೆಗಳ ಕೆಲಸಕ್ಕೆ ಇಂಥ ಮರದ ತಯಾರಿಕೆಯನ್ನು ನಿಲ್ಲಿಸಿದರು. ಅದನ್ನು ಗೋದಲಿಗೆ ಬಳಸಬೇಡಿ. ಅದರ ಚೂರನ್ನು ಒಲೆಗೆ ಎಂದೂ ಹಾಕಬೇಡಿ. ಹೊಗೆಯಲ್ಲಿಯೂ ಬೂದಿಯಲ್ಲಿಯೂ ವಿಷವಿರುತ್ತದೆ. ಮರದ ವಿಚಾರದಲ್ಲಿಯೇ ಸಂಶೋಧನೆ ಮಾಡುವ ಕೇಂದ್ರ ಸಂಸ್ಥೆಯೊಂದು ಬೆಂಗಳೂರಿನ ಮಲ್ಲೇಶ್ವರದಲ್ಲಿದೆ. ಸಂದೇಹವಿದ್ದವರು ಅಲ್ಲಿ ವಿಚಾರಿಸಬಹುದು.

ಮೂರನೆಯ ತಪ್ಪು: ಗೋಡೆಯಲ್ಲಿ ಹೂತ ತುದಿ

ನಮ್ಮ ತೊಲೆಯ ತುದಿಗಳನ್ನು ಮಣ್ಣುಗೋಡೆಯಲ್ಲಿ ಹೂತು ಸುತ್ತ ಕೆಸರು ಮೆತ್ತಿದ್ದೆವು. ಗೋಡೆಯ ತೇವ ಮರಕ್ಕೆ ಏರಿತು, ಗೋಡೆಯೊಳಗಿನಿಂದಲೇ ಗೆದ್ದಲು ದಾರಿ ಮಾಡಿತು. ಮರದಲ್ಲಿ ನೀರು ಶೇಕಡ 20ಕ್ಕಿಂತ ಕಡಿಮೆಯಿದ್ದರೆ ಅದನ್ನು ಕೊಳೆಸುವ ಬೂಷ್ಟು ಬೆಳೆಯಲಾರದು. ಆದ್ದರಿಂದ ತೊಲೆಯ ತುದಿಯ ಕೆಳಗೆ ಚಪ್ಪಡಿಕಲ್ಲು ಕೊಡಿ. ಪಕ್ಕದಲ್ಲಿಯೂ ತುದಿಯಲ್ಲಿಯೂ ಗಾಳಿಯಾಡಲು ಎರಡು ಬೆರಳಷ್ಟು ಸಂದು ಬಿಡಿ. ಕಂಬವನ್ನು ನೆಲದಲ್ಲಿ ಹೂಳಬೇಡಿ. ನಮ್ಮ ಹಳೆಯ ತೊಟ್ಟಿಮನೆಗಳನ್ನು ನೋಡಿ: ಪ್ರತಿಯೊಂದು ಕಂಬವೂ ಕಲ್ಲಿನ ಮೇಲೆ ನಿಂತಿದೆ. ಅದು ಅಲಂಕಾರಕ್ಕೆ ಮಾತ್ರವಲ್ಲ. ಕಲ್ಲಿನ ಮೇಲೆ ಗೆದ್ದಲಿನ ಮಣ್ಣಿನ ಕೊಳವೆ ಏರಿದರೆ ಕಣ್ಣಿಗೆ ಬೀಳುತ್ತದೆ, ಒರೆಸಿ ಹಾಕಬಹುದು.

ನಾಲ್ಕನೆಯ ತಪ್ಪು: ತೊಲೆಯನ್ನು ಮಲಗಿಸಿದ್ದು

ಈ ತಪ್ಪು ನನ್ನದೇ. ನಮ್ಮ ತೊಲೆ 6 ಅಂಗುಲಕ್ಕೆ 4 ಅಂಗುಲದ್ದು. ಗೋಡೆಯ ಮೇಲೆ ಅಲುಗದೆ ಕೂರಲೆಂದು 6 ಅಂಗುಲದ ಮೈ ಕೆಳಗಾಗಿ ಇಡಿಸಿದೆ. ಲೆಕ್ಕ ನೋಡಿ. ತೊಲೆಯ ಬಲಕ್ಕೆ ಅಗಲವನ್ನು ಒಂದು ಸಲ, ಎತ್ತರವನ್ನು ಎರಡು ಸಲ ಗುಣಿಸಬೇಕು. ಮಲಗಿಸಿದರೆ 6 × 4 × 4 = 96. ನಿಲ್ಲಿಸಿದರೆ 4 × 6 × 6 = 144. ಅದೇ ಮರ, ಅದೇ ಖರ್ಚು, ಬಲ ಒಂದೂವರೆ ಪಟ್ಟು! ಬಾಗುವುದು ಅರ್ಧಕ್ಕಿಂತಲೂ ಕಡಿಮೆ. ತೊಲೆಯ ನಡುವೆ ಕೆಳಮೈಯಲ್ಲಿ ಗಾಡಿ ಕಡಿಯುವುದಾಗಲಿ ದೊಡ್ಡ ತೂತು ಕೊರೆಯುವುದಾಗಲಿ ಕೂಡದು.

ಇನ್ನೊಂದು ಮಾತು. ಸ್ವಂತ ಹೊಲದ ಮರವೇ ಆದರೂ ಕಡಿಯುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನೇಕ ಮರಗಳಿಗೆ ಅನುಮತಿ ಬೇಕು; ಕೆಲವಕ್ಕೆ ವಿನಾಯಿತಿ ಉಂಟು. ಒಂದು ಕಡಿದವರು ಎರಡು ನೆಡಿ.

ಈ ಲೇಖನವನ್ನು ಓದಿದ ಮೇಲೆ ದೀಪ ಹಿಡಿದು ನಿಮ್ಮ ಕೊಟ್ಟಿಗೆಗೆ ಹೋಗಿ ಈ ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಿ:

1. ತೊಲೆಯ ಕೆಳಗೆ ಬಿಳಿ ಹಿಟ್ಟು ಬಿದ್ದಿದೆಯೇ?
2. ತೊಲೆಯ ತುದಿಗೆ ಚಾಕುವಿನ ಮೊನೆ ಸಲೀಸಾಗಿ ಇಳಿಯುತ್ತದೆಯೇ?
3. ಕಂಬದ ಬುಡ ಕಲ್ಲಿನ ಮೇಲಿದೆಯೇ, ಮಣ್ಣಿನಲ್ಲಿದೆಯೇ?
4. ತೊಲೆ ಹೋದ ವರ್ಷಕ್ಕಿಂತ ಹೆಚ್ಚು ಬಾಗಿದೆಯೇ?

ಒಂದಕ್ಕೆ ಅನುಮಾನವಿದ್ದರೂ ಇಂದೇ ದನಗಳನ್ನು ಬೇರೆಡೆ ಕಟ್ಟಿ, ತೊಲೆಗೆ ಆಸರೆಗಂಬ ಕೊಡಿ, ಆಮೇಲೆ ಆಚಾರಿಯನ್ನು ಕರೆಸಿ. ಅವನು ಹಸಿ ಎಂದರೆ ಹಸಿಯೇ. ನಮ್ಮ ಮನೆಯಲ್ಲಿ ಈಗ ಹಲಸಿನ ಚೇಗಿನ ತೊಲೆಯಿದೆ. ಅದು ಒಣಗುವ ತನಕ ಅಪ್ಪ ಕೊಟ್ಟಿಗೆಗೆ ಸೋಗೆ ಹೊದಿಸಿ ಒಂದು ಮಳೆಗಾಲ ಕಾದರು. ತೂಕವನ್ನು ಗೋಡೆಯ ಮೇಲೆ ಬರೆದವರೂ ಅವರೇ.