ಮಾತು ಕೊನೆ ಮುಟ್ಟಲಿ



ತೋಟದಲ್ಲಿ ಕೆಲಸ ಕೆಟ್ಟರೆ ಆಳಿನ ಮೇಲೆ ತಪ್ಪು ಹೊರಿಸುವುದು ಸುಲಭ. ನಾವು ಕೆಲಸ ಹೇಳಿದ ರೀತಿ ಸರಿಯಿತ್ತೇ ಎಂದು ಕೇಳಿಕೊಳ್ಳುವುದು ಕಡಿಮೆ.

ನಮ್ಮದೇ ಉದಾಹರಣೆ ಕೊಡುತ್ತೇವೆ. ಒಂದು ವರ್ಷ ಮುಂಗಾರಿಗೆ ಮೊದಲು ಕಾಫಿಯ ಎಲೆತುಕ್ಕಿಗೆ ಬೋರ್ಡೋ ದ್ರಾವಣ ಹೊಡೆಸಿ ಮುಗಿದಿತ್ತು. "ನಾಳೆಯಿಂದ ಅಡಿಕೆಗೆ ಹೊಡೆಯಿರಿ" ಎಂದು ಮೇಸ್ತ್ರಿಗೆ ಹೇಳಿ ನಾವು ಪೇಟೆಗೆ ಹೋದೆವು. ಎಲೆತುಕ್ಕಿಗೆ ಶೇಕಡಾ ಅರ್ಧದ ದ್ರಾವಣ ಸಾಕು. ಅಡಿಕೆಯ ಕೊಳೆರೋಗಕ್ಕೆ ಶೇಕಡಾ ಒಂದರದು ಬೇಕು. ಅದನ್ನು ನಾವು ಹೇಳಲಿಲ್ಲ, ಅವನು ಕೇಳಲಿಲ್ಲ. 100 ಲೀಟರಿಗೆ ಅರ್ಧ ಕಿಲೋ ಮೈಲುತುತ್ತ, ಅರ್ಧ ಕಿಲೋ ಸುಣ್ಣ ಎಂಬ ಕಾಫಿಯ ಅಳತೆಯೇ ನಡೆಯಿತು. ಎರಡೂ ಸಮವಾಗಿದ್ದುದರಿಂದ ಚಾಕು ಅದ್ದಿ ನೋಡಿದರೂ ಕೆಂಪು ಹತ್ತಲಿಲ್ಲ. ಮರ ಹತ್ತಿದ ಕೊನೆಗಾರನಿಗೆ ಮಾತ್ರ ಔಷಧಿ ತೆಳುವೆಂದು ತೋರಿತ್ತು. ಪುಷ್ಯ ಮಳೆಯಲ್ಲಿ ಎಳೆಗಾಯಿ ಉದುರಿ ಮರದ ಬುಡ ತುಂಬಿದಾಗ ಅವನೆಂದ: "ಅವತ್ತೇ ಅನ್ನಿಸಿತ್ತು ಅಯ್ಯಾ, ಹೇಳಿದರೆ ಬೈತೀರೇನೋ ಅಂತ ಸುಮ್ಮನಾದೆ." ಬೆಳೆಯ ನಷ್ಟಕ್ಕಿಂತ ಆ ಮಾತು ಹೆಚ್ಚು ಚುಚ್ಚಿತು.

ಡಾ. ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದ್ದು 1910ರಲ್ಲಿ. ಇಷ್ಟು ಹಳೆಯ ಮದ್ದು ಮನೆಯಲ್ಲಿದ್ದೂ ನಾವು ಬೆಳೆ ಕಳೆದುಕೊಂಡೆವು. ಅಂದಿನಿಂದ ನಾವು ಪಾಲಿಸುತ್ತಿರುವ ಕ್ರಮ ಹೀಗಿದೆ:

1. ಅಳತೆಯನ್ನು ಔಷಧಿ ಕೊಟ್ಟಿಗೆಯ ಹಲಗೆಯ ಮೇಲೆ ಬರೆಯುವುದು. ಅಡಿಕೆಗೆ: 1 ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಓದು ಬಾರದವರಿಗೂ, ಅಸ್ಸಾಂ, ಝಾರ್ಖಂಡ್ ಕಡೆಯಿಂದ ಬಂದವರಿಗೂ ತೂಗಿದ ಪೊಟ್ಟಣಗಳನ್ನೇ ಕೊಡುವುದು. ಅಡಿಕೆಯದಕ್ಕೆ ಕೆಂಪು ದಾರ, ಕಾಫಿಯದಕ್ಕೆ ಬಿಳಿ ದಾರ.

2. ಕಾರಣ ಹೇಳುವುದು. ಕಲಸಿಟ್ಟ ದ್ರಾವಣ ಮರುದಿನಕ್ಕೆ ಕೆಡುತ್ತದೆಂದು ತಿಳಿದವನು ಸಂಜೆಗೆ ಉಳಿಯುವಷ್ಟು ಕಲಸುವುದಿಲ್ಲ.

3. ಕೇಳಿದವರಿಂದಲೇ ಮತ್ತೊಮ್ಮೆ ಹೇಳಿಸುವುದು. "ಗೊತ್ತಾಯಿತೇ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ.

4. ಸಂಜೆ ಕೂಲಿ ಬರೆಯುವಾಗ ಐದು ನಿಮಿಷ ಮಾತಾಡುವುದು. ಮೊದಲ ಮಾತು ಕೊನೆಗಾರನದು. ಮರದ ಮೇಲಿನದನ್ನು ಕಂಡವನು ಅವನೊಬ್ಬನೇ. ತಪ್ಪು ತೋರಿಸಿದವನನ್ನು ಬೈಯಕೂಡದು. ಇದು ನಮಗೆ ಎಲ್ಲಕ್ಕಿಂತ ಕಷ್ಟವಾಯಿತು.

ಮೊದಲ ಸಿಂಪರಣೆಯಾಗಿ 40–45 ದಿನಕ್ಕೆ ಎರಡನೆಯದು ಬರುತ್ತದೆ. ಅಷ್ಟರೊಳಗೆ ತಾವೂ ಒಂದು ಹಲಗೆ ತೂಗುಹಾಕಿ, ಕೊನೆಗಾರನನ್ನು ಕರೆದು ಒಂದು ಮಾತು ಕೇಳಿ ನೋಡಿ.