ಎಳೆಗೂಸುಗಳ ಕೋಣೆಯಲ್ಲಿ ಅಂಟುರೋಗ

ಡೇಕೇರಿಗೆ ಹೊಸದಾಗಿ ಬರುವ ಕೂಸಿನ ರೋಗನಿರೋಧಕ ಶಕ್ತಿಯಲ್ಲಿ ದೊಡ್ಡ ಪಾಲು ತಾಯಿಯಿಂದ ಪಡೆದ ಎರವಲು. ಬಸಿರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ರಕ್ತದ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಇಳಿಯುತ್ತವೆ. ಹುಟ್ಟಿದ ಮೇಲೆ ಅವು ತಿಂಗಳು ತಿಂಗಳಿಗೂ ಕರಗುತ್ತ ಹೋಗಿ, ಆರು ತಿಂಗಳ ಸುಮಾರಿಗೆ ಬಹಳ ಕಡಿಮೆಯಾಗಿರುತ್ತವೆ. ಎದೆಹಾಲಿನ ಪ್ರತಿಕಾಯಗಳು ಬಾಯಿ, ಗಂಟಲು, ಕರುಳುಗಳ ಒಳಪದರವನ್ನು ಕಾಯುತ್ತವೆ, ಆದರೆ ರಕ್ತದಲ್ಲಿದ್ದ ರಕ್ಷಣೆಯ ಜಾಗವನ್ನು ಪೂರ್ತಿ ತುಂಬುವುದಿಲ್ಲ. ಕೂಸು ಮನೆಯಿಂದಾಚೆ ಹೋಗುವುದೂ ಸರಿಯಾಗಿ ಇದೇ ಹೊತ್ತಿಗೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆಯನ್ನು 26 ವಾರಗಳಿಗೆ ಏರಿಸಿತು. 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕೆಂದಿತು. ಹೆರಿಗೆಗೆ ಮುಂಚೆಯೇ ಕೆಲವು ವಾರ ರಜೆ ತೆಗೆದುಕೊಂಡ ತಾಯಿಯ ಕೂಸಂತೂ ಆರು ತಿಂಗಳು ತುಂಬುವ ಮೊದಲೇ ಬೇರೆಯವರ ಕೈ ಸೇರುತ್ತದೆ.

ಈ ಅವಧಿಯ ಅಪಾಯ ಎದ್ದು ಕಾಣುವುದು ದಡಾರದಲ್ಲಿ. ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸು ಕೊಡುವುದು 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಒಂಬತ್ತು ತಿಂಗಳಿಗೂ ಬೇಗ ಕೊಟ್ಟರೆ ಮೈಯಲ್ಲಿ ಉಳಿದಿರುವ ತಾಯಿಯ ಪ್ರತಿಕಾಯಗಳೇ ಲಸಿಕೆ ಸರಿಯಾಗಿ ಹಿಡಿಯದಂತೆ ಅಡ್ಡ ಬರುತ್ತವೆ. ಹೀಗಾಗಿ ಆರನೆಯ ತಿಂಗಳಿನಿಂದ ಒಂಬತ್ತನೆಯದರವರೆಗೆ ಕೂಸಿಗೆ ತಾಯಿಯ ರಕ್ಷಣೆಯೂ ಸಾಲದು, ಲಸಿಕೆಯದೂ ಇರದು. ದಡಾರವೋ, ಮನುಷ್ಯರಿಗೆ ಬರುವ ರೋಗಗಳಲ್ಲೆಲ್ಲ ಅತಿ ವೇಗವಾಗಿ ಹರಡುವವುಗಳಲ್ಲಿ ಒಂದು. ರೋಗವಿರುವ ಮಗು ಕೋಣೆಯಿಂದ ಹೊರಟುಹೋದ ಮೇಲೂ ವೈರಸ್ಸು ಅಲ್ಲಿನ ಗಾಳಿಯಲ್ಲಿ ಎರಡು ಗಂಟೆಯವರೆಗೆ ಉಳಿಯಬಲ್ಲದು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬರಿಂದ 12ರಿಂದ 18 ಮಂದಿಗೆ ತಗಲುತ್ತದೆ. ಮೈಮೇಲೆ ದದ್ದು ಏಳುವ ನಾಲ್ಕು ದಿನ ಮೊದಲೇ ಹರಡಲು ತೊಡಗುತ್ತದೆ. ವಾಸಿಯಾದ ಮೇಲೂ ಅದರ ಕೆಡುಕು ಮುಗಿಯುವುದಿಲ್ಲ. ಬೇರೆ ರೋಗಗಳ ವಿರುದ್ಧ ಮೈ ಗಳಿಸಿಟ್ಟುಕೊಂಡ ನೆನಪನ್ನೇ ಅದು ಸಾಕಷ್ಟು ಅಳಿಸಿಹಾಕಬಲ್ಲದು.

ಆದ್ದರಿಂದ ಏಳು ತಿಂಗಳ ಕೂಸಿನ ಸುರಕ್ಷತೆ ಆ ಕೂಸಿನ ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡಿನಲ್ಲಿಲ್ಲ. ಪಕ್ಕದ ಕೋಣೆಯ ಮೂರು ವರ್ಷದವರ ಕಾರ್ಡಿನಲ್ಲಿದೆ, ಎತ್ತಿಕೊಳ್ಳುವ ಆಯಾಳ ಮೈಯಲ್ಲಿದೆ. ಬೆಂಗಳೂರಿನ ಡೇಕೇರೊಂದರಲ್ಲಿ ಎಳೆಗೂಸುಗಳ ಕೋಣೆಯ ಹೊಣೆ ಹೊತ್ತಿದ್ದ ಈ ಲೇಖಕಿಗೆ ಕೆಲಸವೇ ಕಲಿಸಿದ ಪಾಠಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮಗುವನ್ನು ಸೇರಿಸಿಕೊಳ್ಳುವಾಗ ಲಸಿಕೆಯ ಕಾರ್ಡು ಕೇಳುವ ಕೇಂದ್ರಗಳು ಬಹಳ. ಆಮೇಲೆ ಅದನ್ನು ಮತ್ತೆ ತೆರೆದು ನೋಡುವವು ಕಡಿಮೆ. ತಪ್ಪಿಹೋಗುವುದು ಹುಟ್ಟಿದಾಗಿನ ಬಿಸಿಜಿಯಲ್ಲ, ಆರು, ಹತ್ತು, ಹದಿನಾಲ್ಕು ವಾರದ ಚುಚ್ಚುಮದ್ದೂ ಅಷ್ಟಾಗಿ ಅಲ್ಲ. ಒಂದೂವರೆ ವರ್ಷದ ಆಸುಪಾಸಿನ ಎರಡನೇ ದಡಾರದ ಡೋಸು ಮತ್ತು ಡಿಪಿಟಿ ಬೂಸ್ಟರು ತಪ್ಪುತ್ತವೆ. ಆ ಹೊತ್ತಿಗೆ ತಾಯಿ ಕೆಲಸಕ್ಕೆ ಮರಳಿರುತ್ತಾಳೆ, ಮನೆ ಬದಲಾಗಿರುತ್ತದೆ, ಕಾರ್ಡು ಊರಿನ ಬೀರುವಿನಲ್ಲಿರುತ್ತದೆ. ಮುಂದಿನ ಡೋಸಿನ ತಾರೀಖನ್ನು ಹಾಜರಿ ಪುಸ್ತಕದಲ್ಲೇ ಬರೆದಿಟ್ಟು, ಆ ತಿಂಗಳು ಬಂದಾಗ ಸಂಜೆ ಮಗುವನ್ನು ಕರೆದೊಯ್ಯಲು ಬಂದವರಿಗೆ ನೆನಪಿಸುವುದು ಖರ್ಚಿಲ್ಲದ ಕೆಲಸ. ಡಿಪಿಟಿ ತಡೆಯುವ ರೋಗಗಳಲ್ಲೊಂದಾದ ನಾಯಿಕೆಮ್ಮು ಎಳೆಗೂಸುಗಳಿಗೆ ಬರುವುದು ಹೆಚ್ಚಾಗಿ ದೊಡ್ಡವರಿಂದ. ವಾರಗಟ್ಟಲೆ ಕೆಮ್ಮುತ್ತಿರುವ ಆಯಾಳನ್ನು ವೈದ್ಯರಲ್ಲಿಗೆ ಕಳಿಸುವುದು, ಅಷ್ಟು ದಿನ ಕೂಸುಗಳ ಕೋಣೆಯಿಂದ ಬೇರೆ ಕೆಲಸಕ್ಕೆ ಹಾಕುವುದು ಅವಳಿಗೂ ಒಳ್ಳೆಯದು.

ದಿನನಿತ್ಯದ ನೆಗಡಿಯ ವಿಚಾರ ಬೇರೆ. ನೆಗಡಿ ತರುವ ವೈರಸ್ಸುಗಳು ಇನ್ನೂರಕ್ಕೂ ಹೆಚ್ಚು. ಡೇಕೇರಿಗೆ ಹೋಗುವ ಪುಟ್ಟ ಮಗುವಿಗೆ ಮೊದಲ ವರ್ಷ ಎಂಟು, ಹತ್ತು ಸಲ ನೆಗಡಿಯಾಗುವುದು ಅಸಹಜವಲ್ಲ. ಅಮೆರಿಕದ ಅರಿಜೋನಾದ ಟೂಸಾನಿನಲ್ಲಿ 1980ರಿಂದ 1984ರ ನಡುವೆ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ದೊಡ್ಡ ಡೇಕೇರುಗಳಲ್ಲಿ ಬೆಳೆದವರಿಗೆ ಎರಡು ವರ್ಷದ ವಯಸ್ಸಿನಲ್ಲಿ ನೆಗಡಿ ಹೆಚ್ಚು, ಆರರಿಂದ ಹನ್ನೊಂದರವರೆಗೆ ಮನೆಯಲ್ಲೇ ಬೆಳೆದವರಿಗಿಂತ ಕಡಿಮೆ ಎಂದು ಕಂಡುಬಂತು. ಹದಿಮೂರರ ಹೊತ್ತಿಗೆ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಈ ನೆಗಡಿಗಳನ್ನು ಬೇಗ ಪಡೆದರೆ ಬೇಗ ಮುಗಿಯುತ್ತವೆ, ಅಷ್ಟೇ. ಇದನ್ನೇ ಹಿಡಿದು ‘ರೋಗ ಬಂದಷ್ಟೂ ಮಗು ಗಟ್ಟಿಯಾಗುತ್ತದೆ’ ಎಂದು ದಡಾರಕ್ಕೋ ಗಂಟಲಮಾರಿಗೋ ಅನ್ವಯಿಸುವುದು ಅಪಾಯಕಾರಿ. ಆ ರೋಗಗಳು ಕಲಿಸುವ ಪಾಠಕ್ಕೆ ಮಗು ಜೀವವನ್ನೇ ತೆರಬೇಕಾದೀತು. ನೆಗಡಿ ಬಂದ ಮಗುವನ್ನೆಲ್ಲ ಮನೆಗೆ ಕಳಿಸಿ ನೆಗಡಿ ತಡೆಯುವುದೂ ಆಗದು, ಲಕ್ಷಣ ಕಾಣುವ ಹೊತ್ತಿಗೆ ಅದು ಹರಡಿಯಾಗಿರುತ್ತದೆ. ಸಿಂಬಳ ಹಸಿರಾಯಿತೆಂದು ಆಂಟಿಬಯಾಟಿಕ್ ಕೊಡಬೇಕಿಲ್ಲ. ಸಾಧಾರಣ ನೆಗಡಿಯಲ್ಲೂ ಮೂರು ನಾಲ್ಕು ದಿನಕ್ಕೆ ಸಿಂಬಳ ದಪ್ಪಗಾಗಿ ಬಣ್ಣ ತಿರುಗುತ್ತದೆ. ಮಗು ಆಡುತ್ತ, ಹಾಲು ಕುಡಿಯುತ್ತ ಇದ್ದರೆ ಇರಲಿ. ಉಸಿರು ವೇಗವಾಗಿ, ಪಕ್ಕೆ ಒಳಕ್ಕೆಳೆಯುತ್ತಿದ್ದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾದರೆ ಅಪ್ಪ ಅಮ್ಮ ಬರುವವರೆಗೆ ಕಾಯುವಂತಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಕಂಡರೂ ಆಸ್ಪತ್ರೆಯೇ.

ನಿಜವಾಗಿ ತಡೆಯಬಹುದಾದದ್ದು ಮಲದ ಮೂಲಕ ಹರಡುವ ಸೋಂಕು. ಭೇದಿ ಇಡೀ ಕೋಣೆಗೆ ಹರಡಿದಾಗ ದಾರಿ ಹುಡುಕುತ್ತ ಹೋದರೆ ಬಹುತೇಕ ಸಲ ಸಿಗುವುದು ಒಂದೇ ಜಾಗ: ಡೈಪರ್ ಬದಲಿಸಿದ ಕೈ ಊಟದ ಬಟ್ಟಲಿಗೆ ಹೋದ ಜಾಗ. ಆರು ತಿಂಗಳಿಗೆ ರಾಗಿ ಮಣ್ಣಿ ಶುರುವಾಗುತ್ತದೆ, ಬೆಳಿಗ್ಗೆ ಮನೆಯಿಂದ ಬಂದ ಡಬ್ಬಿ ಮಧ್ಯಾಹ್ನದವರೆಗೆ ಹೊರಗೇ ಇರುತ್ತದೆ, ಒಬ್ಬಳೇ ಆಯಾ ನಾಲ್ಕೈದು ಕೂಸುಗಳನ್ನು ತೊಳೆದು ಅವುಗಳಿಗೇ ಉಣ್ಣಿಸುತ್ತಾಳೆ. ಕೈ ತೊಳೆಯಿರಿ ಎಂದು ಗೋಡೆಗೆ ಚಿತ್ರ ಅಂಟಿಸಿದರೆ ಪ್ರಯೋಜನ ಕಡಿಮೆ. ನಲ್ಲಿ ದೂರವಿದ್ದರೆ, ಅಳುವ ಕೂಸನ್ನು ಬಿಟ್ಟು ಅಲ್ಲಿಗೆ ಹೋಗಿಬರುವುದು ಯಾರಿಗೂ ಸಾಧ್ಯವಿಲ್ಲ. ಡೈಪರ್ ಬದಲಿಸುವ ಜಾಗದ ಪಕ್ಕದಲ್ಲೇ ನಲ್ಲಿ ಮತ್ತು ಸಾಬೂನು, ತೊಳೆಯುವವಳು ಬೇರೆ, ಉಣ್ಣಿಸುವವಳು ಬೇರೆ: ಈ ಎರಡು ಬದಲಾವಣೆ ಮಾಡುವಷ್ಟು ಕೆಲಸ ಯಾವ ಉಪದೇಶವೂ ಮಾಡದು. ಸಾಬೂನಿನ ಬದಲು ಸ್ಯಾನಿಟೈಸರ್ ಸಾಲದು; ಭೇದಿ ತರುವ ನೋರೋವೈರಸ್ಸಿನ ಮೇಲೆ ಆಲ್ಕೋಹಾಲಿನ ಪ್ರಭಾವ ತೀರ ಕಡಿಮೆ. ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆಗೆ ಜಿಂಕ್ ಮಾತ್ರೆಯನ್ನು, ಭೇದಿ ನಿಂತರೂ ಬಿಡದೆ, 14 ದಿನ ಕೊಡಬೇಕೆಂಬುದನ್ನು ಮನೆಯವರಿಗೆ ಹೇಳಬೇಕು.

ಭೇದಿ ತರುವ ಇನ್ನೊಂದು ವೈರಸ್ಸಾದ ರೋಟಾವೈರಸ್ಸಿನ ಲಸಿಕೆಯ ಹಿನ್ನೆಲೆಯೂ ಹಸುಗೂಸುಗಳ ಕೋಣೆಯದೇ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಮಹಾರಾಜ್ ಕಿಶನ್ ಭಾನ್ ಮತ್ತು ಸಂಗಡಿಗರು, ರೋಟಾವೈರಸ್ ತಗಲಿದರೂ ಭೇದಿಯಾಗದ ನವಜಾತ ಶಿಶುಗಳನ್ನು ಕಂಡರು. ಅಂಥ ಮಕ್ಕಳಿಗೆ ಮುಂದೆಯೂ ಈ ವೈರಸ್ಸಿನಿಂದ ಕಾಯಿಲೆ ಬರುವುದು ಕಡಿಮೆಯಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳಿಗೂ ಇಲ್ಲಿನ ನವಜಾತ ಶಿಶುಗಳಲ್ಲಿ ಅಂಥದೇ ಒಂದು ತಳಿ ಸಿಕ್ಕಿತ್ತು. ದೆಹಲಿಯ 116ಇ ತಳಿಯೇ ರೋಟಾವ್ಯಾಕ್ ಲಸಿಕೆಯಾಯಿತು, 2016ರಲ್ಲಿ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ರೋಟಾವೈರಸ್ ಲಸಿಕೆ ಸೇರಿತು.

ಹೆಪಟೈಟಿಸ್ ಎ ಇನ್ನೂ ಮೋಸದ ಸೋಂಕು. ಆರು ವರ್ಷದೊಳಗಿನ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಕಾಮಾಲೆಯೇ ಕಾಣದು, ಆದರೆ ಮಲದಲ್ಲಿ ವೈರಸ್ಸು ಹೋಗುತ್ತಿರುತ್ತದೆ. ಮೊದಲು ಕಣ್ಣು ಹಳದಿಯಾಗುವುದು ಆಯಾಳದು, ಇಲ್ಲವೇ ಮನೆಯಲ್ಲಿ ಡೈಪರ್ ಬದಲಿಸುವ ಅಪ್ಪನದು. ದೊಡ್ಡವರೊಬ್ಬರಿಗೆ ಕಾಮಾಲೆ ಎಂದು ಗೊತ್ತಾದ ದಿನವೇ ಮಕ್ಕಳ ಕೋಣೆಯತ್ತ ನೋಡಬೇಕು.

ಸರ್ಕಾರಿ ಲಸಿಕೆಗಳ ಪಟ್ಟಿಯಲ್ಲಿ ಹೆಪಟೈಟಿಸ್ ಎ ಇಲ್ಲ, ಚಿಕನ್‌ಪಾಕ್ಸ್ ಇಲ್ಲ, ಮಂಗನಬಾವೂ ಇಲ್ಲ. ಹೀಗಾಗಿ ಎಲ್ಲ ಡೋಸು ಪಡೆದ ಮಕ್ಕಳಿರುವ ಕೇಂದ್ರದಲ್ಲೂ ಬೇಸಿಗೆ ಹತ್ತಿರವಾದಾಗ ಇವು ಕಾಣಿಸಿಕೊಳ್ಳುತ್ತವೆ. ಚಿಕನ್‌ಪಾಕ್ಸ್ ಬಂದರೆ ಅನೇಕ ಮನೆಗಳಲ್ಲಿ ಇಂದಿಗೂ ‘ಅಮ್ಮ ಆಗಿದೆ’ ಎನ್ನುತ್ತಾರೆ, ಬೇವಿನ ಸೊಪ್ಪಿನ ಮೇಲೆ ಮಲಗಿಸುತ್ತಾರೆ, ಹೊರಗೆ ಹೇಳಿಕೊಳ್ಳುವುದಿಲ್ಲ. ಆ ನಂಬಿಕೆಯನ್ನು ಹೀಗಳೆದು ಯಾವ ಕೇಂದ್ರಕ್ಕೂ ಸುದ್ದಿ ಸಿಕ್ಕಿಲ್ಲ. ‘ಊರಿಗೆ ಹೋಗಿದ್ದಾನೆ’ ಎಂಬ ಉತ್ತರ ಮಾತ್ರ ಸಿಗುತ್ತದೆ. ‘ಅಮ್ಮ ಆಗಿದ್ದರೆ ಒಂದು ಮಾತು ಹೇಳಿ, ಇಲ್ಲಿ ಬಸುರಿ ಮಿಸ್ ಇದ್ದಾರೆ’ ಎಂದು ಕೇಳಿದಾಗ ಅಜ್ಜಿಯಂದಿರೇ ಫೋನು ಮಾಡಿ ತಿಳಿಸಿದ್ದಾರೆ. ಸುದ್ದಿ ಬೇಕಿರುವುದು ಆ ಬಸುರಿ ಮಿಸ್‌ಗಾಗಿಯೇ. ಹಿಂದೆ ಈ ರೋಗ ಬಾರದ ಬಸುರಿಗೂ ಅವಳ ಮಗುವಿಗೂ ಇದು ಕೆಡುಕು ತರಬಲ್ಲದು, ಸೋಂಕು ಮೈಯಲ್ಲಿ 10ರಿಂದ 21 ದಿನ ಹೊಂಚಿ ಕೂತಿರುತ್ತದೆ. ಮಗುವನ್ನು ವಾಪಸು ಕರೆದುಕೊಳ್ಳುವುದು ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟಿದ ಮೇಲೆ. ಜ್ವರಕ್ಕೆ ಆಸ್ಪಿರಿನ್ ಮಾತ್ರ ಕೊಡಕೂಡದು.

ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳುವ ರೋಗಕ್ಕೆ ಲಸಿಕೆ ಇಲ್ಲಿ ಸಿಗುವುದಿಲ್ಲ. 2022ರಲ್ಲಿ ಕೇರಳದ ಕೊಲ್ಲಂನಲ್ಲಿ ‘ಟೊಮ್ಯಾಟೊ ಜ್ವರ’ ಎಂದು ಸುದ್ದಿಯಾಗಿ, ಕರ್ನಾಟಕದ ಗಡಿ ಜಿಲ್ಲೆಗಳಲ್ಲೂ ನಿಗಾ ಇಡುವಂತಾದದ್ದು ಇದರದೇ ಒಂದು ರೂಪ. ಹೆಚ್ಚಾಗಿ ಕಾಕ್ಸ್‌ಸಾಕಿ ವೈರಸ್ಸುಗಳಿಂದ ಬರುವ ಇದು ಸಾಮಾನ್ಯವಾಗಿ ಏಳು, ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ, ಆದರೆ ವೈರಸ್ಸು ಮಲದಲ್ಲಿ ವಾರಗಟ್ಟಲೆ ಹೋಗುತ್ತಿರುತ್ತದೆ. ಅಷ್ಟೂ ದಿನ ಮಗುವನ್ನು ಹೊರಗಿಡಲಾಗದು. ಜ್ವರ ಬಿಟ್ಟು, ಗುಳ್ಳೆ ಒಣಗಿ, ಊಟ ಸೇರಿದರೆ ಬರಲಿ. ಅದರ ಡೈಪರಿನ ವಿಷಯದಲ್ಲಿ ಮಾತ್ರ ಕೈತೊಳೆಯುವ ಶಿಸ್ತು ಸಡಿಲಬಾರದು, ಬಾಯಿಗಿಟ್ಟ ಆಟಿಕೆಗಳು ಅಂದಂದೇ ಸಾಬೂನಿನಲ್ಲಿ ತೊಳೆದು ಬಿಸಿಲಿಗೆ ಬೀಳಬೇಕು.

ಭೇದಿ, ವಾಂತಿ ನಿಂತು ಎರಡು ದಿನ, ಮಂಗನಬಾವಿನ ಊತ ಕಂಡು ಐದು ದಿನ, ದಡಾರದ ದದ್ದು ಎದ್ದು ನಾಲ್ಕು ದಿನ ಮನೆ ಎಂಬ ನಿಯಮ ಬರೆಯುವುದು ಸುಲಭ, ಪಾಲಿಸಲು ರಜೆ ಬೇಕು. ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ಮಗುವನ್ನು ಬಿಟ್ಟುಹೋಗುತ್ತಾರೆ, ಹನ್ನೊಂದರ ಹೊತ್ತಿಗೆ ಮೈ ಮತ್ತೆ ಸುಡತೊಡಗುತ್ತದೆ. ಆ ತಾಯಿಯನ್ನು ಬೈದು ಫಲವಿಲ್ಲ. ಕೇಂದ್ರ ಸರ್ಕಾರಿ ನೌಕರ ತಾಯಂದಿರಿಗೆ ಇಡೀ ಸೇವೆಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಇದೆ. ಗಾರ್ಮೆಂಟ್ಸಿನ ಹೆಣ್ಣುಮಗಳಿಗೆ ಒಂದು ದಿನ ತಪ್ಪಿದರೆ ಆ ದಿನದ ಕೂಲಿಯೇ ಹೋಗುತ್ತದೆ. ಸೇರಿಸಿಕೊಳ್ಳುವ ದಿನವೇ ಎರಡನೆಯ ಫೋನ್ ನಂಬರೊಂದನ್ನು, ಅಜ್ಜಿಯದೋ ಪಕ್ಕದ ಮನೆಯವರದೋ, ಬರೆದುಕೊಳ್ಳಬೇಕು. ‘ಔಷಧಿ ಕೊಟ್ಟಿದ್ದರೆ ಹೊತ್ತು ಹೇಳಿ, ಮಗುವನ್ನು ವಾಪಸು ಕಳಿಸುವುದಿಲ್ಲ’ ಎಂಬ ಭರವಸೆ ಕೊಡಬೇಕು. ಯಾರಾದರೂ ಬರುವವರೆಗೆ ಜ್ವರದ ಮಗು ಮಲಗಲು ಗಾಳಿಯಾಡುವ, ಬೇರೆ ಮಕ್ಕಳಿಂದ ದೂರದ, ಆದರೆ ಆಯಾಳ ಕಣ್ಣಳತೆಯಲ್ಲೇ ಇರುವ ಒಂದು ಮೂಲೆ, ಪಕ್ಕದಲ್ಲಿ ಥರ್ಮಾಮೀಟರು ಮತ್ತು ಕುಡಿಯುವ ನೀರು ಇರಬೇಕು.