ಬೇಸಿಗೆ ರಜೆಯಲ್ಲೂ ಬಿಸಿಯೂಟ



ಬೇಸಿಗೆ ರಜೆ ಬಂತೆಂದರೆ ಶಾಲೆಯ ಬಿಸಿಯೂಟವೂ ನಿಲ್ಲುತ್ತದೆ. ನಾವು ಕೂಲಿಗೆ ಹೋದ್ರೆ ಮಧ್ಯಾಹ್ನ ಮಕ್ಕಳ ಹೊಟ್ಟೆಗೇನು? ತಂಗಳಿದ್ದರೆ ಉಂಟು, ಇಲ್ಲಾಂದ್ರೆ ಇಲ್ಲ.

ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಶಾಲಾಮಕ್ಕಳಿಗೆ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಆದೇಶಿಸಿತು. 2024ರ ಬೇಸಿಗೆಯಲ್ಲಿ ನಮ್ಮ ರಾಜ್ಯದ ಬರಪೀಡಿತ ತಾಲ್ಲೂಕುಗಳಲ್ಲಿ ಹೀಗೆ ಊಟ ಕೊಟ್ಟರು. ಇದು ಭಿಕ್ಷೆಯಲ್ಲ, ಮಕ್ಕಳ ಹಕ್ಕು.

ಹಾಗಾದರೆ ನಾವೇನು ಮಾಡೋಣ?

1. ನಮ್ಮ ತಾಲ್ಲೂಕು ಬರಪೀಡಿತವೆಂದು ಘೋಷಣೆಯಾಗಿದೆಯೇ ಎಂದು ಪಂಚಾಯಿತಿಯಲ್ಲಿ ಕೇಳೋಣ.
2. ಆಗಿದ್ದರೆ, ರಜೆಗೆ ಮೊದಲೇ ಹೆಡ್‌ಮಾಸ್ಟರರನ್ನು ಕಂಡು ಮಕ್ಕಳ ಹೆಸರು ಬರೆಸೋಣ.
3. ಊಟ ಶುರುವಾಗದಿದ್ದರೆ ಸಂಘದಲ್ಲಿ ಠರಾವು ಮಾಡಿ, ಎಲ್ಲರೂ ಸಹಿ ಹಾಕಿ, ಬಿ.ಇ.ಒ. ಕಚೇರಿಗೆ ಅರ್ಜಿ ಕೊಡೋಣ. ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಲು ಮರೆಯದಿರೋಣ.

ಚರ್ಚೆಗೆ: ಬರ ಘೋಷಣೆಯಾಗದ ವರ್ಷ ನಮ್ಮ ಓಣಿಯ ಮಕ್ಕಳ ಮಧ್ಯಾಹ್ನದ ಊಟಕ್ಕೆ ಸಂಘ ಏನು ಮಾಡಬಹುದು?